ಮರೆಯಲು ಕಲಿತಿದ್ದ ಸಬ್ಜೆಕ್ಟಣ್ಣ

ಮೊದಲ ವರ್ಷದ ಮಕ್ಕಳಿಗೆ ಮನಶ್ಶಾಸ್ತ್ರದ ಚರಿತ್ರೆ ಪಾಠ ಮಾಡುವವಳು ನಾನೇ. ಆ ಪಾಠ ಯಾರಿಗೂ ಬೇಡ. ಕನಸು, ಸಿಟ್ಟು, ಪ್ರೀತಿ ಇಂಥ ರುಚಿಯಾದ ಅಧ್ಯಾಯಗಳನ್ನೆಲ್ಲ ನನ್ನ ಸಹೋದ್ಯೋಗಿಗಳು ಹಂಚಿಕೊಂಡು, ಒಣಗಿದ್ದನ್ನು ನನ್ನ ತಲೆಗೆ ಕಟ್ಟುತ್ತಾರೆ. ಇಪ್ಪತ್ತೇಳು ವರ್ಷದಿಂದ ಕಟ್ಟುತ್ತಲೇ ಇದ್ದಾರೆ. ಮಕ್ಕಳು ಇಸವಿಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಕಕ್ಕಿ, ಕೈ ತೊಳೆದುಕೊಳ್ಳುತ್ತಾರೆ. ಮೊದಲ ಪ್ರಯೋಗಾಲಯ ಯಾರು ತೆಗೆದರು, ಯಾರು ಯಾರನ್ನು ಖಂಡಿಸಿದರು, ಎಲ್ಲವೂ ಪುಸ್ತಕದಲ್ಲಿದೆ. ಈ ಪಂಡಿತರ ಎದುರು ಸ್ಟೂಲಿನ ಮೇಲೆ ಕೂತು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವರು ಯಾರು ಅಂತ ಮಾತ್ರ ಪುಸ್ತಕ ಬರೆದವರು ತಲೆ ಕೆಡಿಸಿಕೊಂಡಿಲ್ಲ. ಅಂಥ ಒಬ್ಬರನ್ನು ನಾನು ಮೂವತ್ತೆರಡು ವರ್ಷ ಹತ್ತಿರದಿಂದ ನೋಡಿದ್ದೇನೆ. ಅವರ ವಿಷಯ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಬರೆದರೆ ಸಮಾಧಾನ ಆಗುತ್ತದೆ ಅಂತಲೂ ಇಲ್ಲ.

ಅವರು ನಮ್ಮ ವಿಭಾಗದ ಅಟೆಂಡರ್. ಇಪ್ಪತ್ತನಾಲ್ಕನೇ ವಯಸ್ಸಿಗೆ ಕೆಲಸಕ್ಕೆ ಸೇರಿದವರು. ಕಟ್ಟಡದ ಹಿಂಭಾಗದಲ್ಲಿ, ನೆಲಮಹಡಿಯಲ್ಲಿ ಎರಡು ಕೋಣೆ ನಮ್ಮ ಪ್ರಯೋಗಾಲಯ. ಬಿಸಿಲು ಮಧ್ಯಾಹ್ನ ಮೂರರ ಮೇಲೆ ಹದಿನೈದು ನಿಮಿಷ ಬಂದು ಹೋಗುತ್ತದೆ. ಗಾಜಿನ ಬಾಗಿಲಿನ ಕಪಾಟುಗಳಲ್ಲಿ ಸ್ಟಾಪ್‌ವಾಚುಗಳು, ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬರೆಯುವ ಹಲಗೆ, ಚರ್ಮದ ಮೇಲೆ ಎರಡು ಮೊನೆ ಒತ್ತಿ ಒಂದೋ ಎರಡೋ ಎಂದು ಕೇಳುವ ಕಂಪಾಸು. ಇವನ್ನೆಲ್ಲ ಅವರು ಹಳೆಯ ಬನಿಯನ್ನಿನ ತುಂಡಿನಿಂದ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ತಮ್ಮ ಸ್ವಂತ ಆಸ್ತಿಯೆಂಬಂತೆ ಕಾಯುತ್ತಿದ್ದರು. ಮನೆಯಲ್ಲಿ ಹೆಂಡತಿಯ ಯಂತ್ರದ ಎಣ್ಣೆ ಪದೇಪದೇ ಖಾಲಿಯಾಗುತ್ತಿದ್ದುದು ಹೇಗೆ ಎಂದು ಆಕೆಗೆ ಬಹಳ ವರ್ಷ ತಿಳಿದಿರಲಿಲ್ಲ.

ಆದರೆ ಅವರು ಕಾಲೇಜಿನಲ್ಲೆಲ್ಲ ಹೆಸರಾದದ್ದು ಈ ಕೆಲಸಕ್ಕಲ್ಲ. ನಮ್ಮ ಪ್ರಯೋಗಗಳಿಗೆ ಇಬ್ಬರು ಬೇಕು, ಪರೀಕ್ಷೆ ಮಾಡುವವರು ಒಬ್ಬರು, ಮಾಡಿಸಿಕೊಳ್ಳುವವರು ಒಬ್ಬರು. ಮಾಡಿಸಿಕೊಳ್ಳುವವರಿಗೆ ನಾವು ಸಬ್ಜೆಕ್ಟ್ ಎನ್ನುತ್ತೇವೆ. ತರಗತಿಯಲ್ಲಿ ಮಕ್ಕಳು ಜೋಡಿ ಜೋಡಿಯಾಗಿ ಕೂರುತ್ತಾರೆ. ಒಬ್ಬರು ಉಳಿದರೆ ಆ ಕುರ್ಚಿಗೆ ಇವರು. ವರ್ಷದ ಕೊನೆಯ ಪರೀಕ್ಷೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಹೊರಗಿನಿಂದ, ಈ ಶಾಸ್ತ್ರದ ಗಂಧಗಾಳಿ ಇಲ್ಲದ ಒಬ್ಬ ಸಬ್ಜೆಕ್ಟನ್ನು ಕರೆತರಬೇಕು. ಆ ದಿನ ನಮ್ಮ ಕಾರಿಡಾರಿನಲ್ಲಿ ತಲೆ ಬಾಚಿಕೊಂಡ ಚಿಕ್ಕಮ್ಮಂದಿರು, ಭಾವಂದಿರು, ಪಕ್ಕದ ಮನೆಯ ಅಂಕಲ್‌ಗಳು ಸಾಲಾಗಿ ಕೂತಿರುತ್ತಾರೆ. ಒಂದಿಬ್ಬರು ಪ್ರತಿ ಸಲ ಕೈ ಕೊಡುತ್ತಾರೆ. ಹಾಗೆ ಸಬ್ಜೆಕ್ಟ್ ಬಾರದೆ ಉಳಿದ ಹುಡುಗಿ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಾಗ ಇವರು ಒರೆಸುವ ಬಟ್ಟೆ ಕಿಟಕಿಯ ಮೇಲಿಟ್ಟು, ಮುಖ ತೊಳೆದು, ಖಾಕಿ ಅಂಗಿ ಬಿಚ್ಚಿ, ಕಪಾಟಿನ ಕೆಳಖಾನೆಯಲ್ಲಿ ಇದಕ್ಕೆಂದೇ ಇಟ್ಟಿದ್ದ ಗೆರೆಗೆರೆ ಅಂಗಿ ತೊಟ್ಟು ಬರುತ್ತಿದ್ದರು. ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಒಮ್ಮೆ ದರ್ಜಿ, ಒಮ್ಮೆ ಅಂಗಡಿಯವರು, ಒಮ್ಮೆ ಪಂಪು ರಿಪೇರಿಯವರು. ಹೀಗೆ ಅವರಿಗೆ ಸಬ್ಜೆಕ್ಟಣ್ಣ ಎಂಬ ಹೆಸರು ಬಿತ್ತು. ಸಂಬಳದ ಚೀಟಿಯ ಮೇಲಿನ ಹೆಸರು ಕ್ಲರ್ಕಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ.

ನನಗೂ ಅವರೇ ಕೂತಿದ್ದರು. ನನ್ನ ದೊಡ್ಡಮ್ಮನ ಮಗ ಬರುತ್ತೇನೆಂದವನು ಆವತ್ತು ಬರಲಿಲ್ಲ. ನನಗೆ ಬಂದಿದ್ದ ಪ್ರಯೋಗ ನೆನಪಿನದು. ಒಂದು ಸಣ್ಣ ಡ್ರಮ್ಮು ತಿರುಗುತ್ತದೆ, ಅದರ ಮುಂದಿನ ಕಿಂಡಿಯಲ್ಲಿ ಎರಡೆರಡು ಸೆಕೆಂಡಿಗೆ ಒಂದೊಂದು ಅರ್ಥವಿಲ್ಲದ ಪದ ಕಾಣುತ್ತದೆ. ಟಕಿಮ, ಬುಳಚೆ, ಜೊಪಣಿ, ಇಂಥ ಹನ್ನೆರಡು. ಸಬ್ಜೆಕ್ಟ್ ನೋಡಿ ಒಪ್ಪಿಸಬೇಕು, ಎಲ್ಲ ಬರುವತನಕ ಸುತ್ತು ಮುಂದುವರಿಯಬೇಕು. ಸಬ್ಜೆಕ್ಟಣ್ಣ ಮೊದಲ ಸುತ್ತಿಗೆ ಮೂರು ಹೇಳಿದರು, ಆಮೇಲೆ ಐದು, ಮಧ್ಯದ್ದು ಎರಡು ತಡವರಿಸಿದರು, ಒಂಬತ್ತನೇ ಸುತ್ತಿಗೆ ಹನ್ನೆರಡನ್ನೂ ಒಪ್ಪಿಸಿದರು. ಇಪ್ಪತ್ತು ನಿಮಿಷ ಬಿಟ್ಟು ಕೇಳಿದರೆ ಐದು ಉಳಿದಿತ್ತು. ನಾನು ಗ್ರಾಫಿನಲ್ಲಿ ಬರೆದ ಗೆರೆ ಪುಸ್ತಕದಲ್ಲಿದ್ದಂತೆಯೇ ಬಂತು. ಪರೀಕ್ಷಕರು ಅದನ್ನು ಎತ್ತಿ ಹಿಡಿದು ಉಳಿದವರಿಗೆ ತೋರಿಸಿದರು, ನನಗೆ ಮೊದಲ ರ‍್ಯಾಂಕ್ ಬಂತು. ಆ ರ‍್ಯಾಂಕಿನಿಂದಲೇ ಅದೇ ವಿಭಾಗದಲ್ಲಿ ಕೆಲಸವೂ ಸಿಕ್ಕಿತು. ಅಲ್ಲಿಯವರೆಗೆ ನನ್ನನ್ನು ತಂಗಿ ಎನ್ನುತ್ತಿದ್ದವರು ಸೇರಿದ ದಿನದಿಂದ ಮೇಡಂ ಎನ್ನತೊಡಗಿದರು. ಬೇಡವೆಂದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅರ್ಥವಿಲ್ಲದ ಪದಗಳ ಈ ಉಪಾಯ ಹಳೆಯದು. ಒಬ್ಬ ಜರ್ಮನ್ ಪಂಡಿತ ನೂರಾ ನಲವತ್ತು ವರ್ಷದ ಹಿಂದೆ, ಯಾರ ಸಹಾಯವೂ ಇಲ್ಲದೆ, ಸುಮಾರು ಎರಡು ಸಾವಿರದ ಮುನ್ನೂರು ಇಂಥ ಪದಗಳನ್ನು ಮಾಡಿಟ್ಟುಕೊಂಡು, ಪಟ್ಟಿ ಪಟ್ಟಿಯಾಗಿ ಬಾಯಿಪಾಠ ಮಾಡಿ, ತಾನು ಎಷ್ಟು ಮರೆಯುತ್ತೇನೆಂದು ತಾನೇ ಅಳೆದ. ಮೊದಲ ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ, ಉಳಿದದ್ದು ನಿಧಾನವಾಗಿ ಹೋಗುತ್ತದೆ ಎಂದು ಕಂಡುಕೊಂಡ. ಪರೀಕ್ಷೆ ಮಾಡುವವನೂ ಅವನೇ, ಮಾಡಿಸಿಕೊಳ್ಳುವವನೂ ಅವನೇ. ತನಗೆ ತಾನೇ ಸುಳ್ಳು ಹೇಳಿಕೊಳ್ಳದಷ್ಟು ನಿಯತ್ತು ಇದ್ದವನು ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಈಚೆಗೆ ಅದನ್ನು ಹೇಳುವಾಗ ಬೋರ್ಡಿನ ಕಡೆ ತಿರುಗಿಕೊಳ್ಳುತ್ತೇನೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಹಳೆಯ ರೆಕಾರ್ಡ್ ಪುಸ್ತಕಗಳನ್ನು ರದ್ದಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ನೆಲದ ಮೇಲೆ ಕೂತು ತಿರುವಿ ಹಾಕುತ್ತಿದ್ದೆ. ದರ್ಜಿ, ವಯಸ್ಸು ಇಪ್ಪತ್ತೊಂಬತ್ತು: ಮೂರು, ಐದು, ಆರು, ಒಂಬತ್ತನೇ ಸುತ್ತಿಗೆ ಹನ್ನೆರಡು. ಅಂಗಡಿಯವರು, ಮೂವತ್ತೊಂದು: ಮೂರು, ಐದು, ಆರು. ಹದಿನಾಲ್ಕು ಪುಸ್ತಕ ಆದಮೇಲೆ ಎದ್ದು ಹೋಗಿ ಅವರನ್ನು ಕರೆದೆ. ಅವರು ಪುಸ್ತಕಗಳನ್ನೂ ನನ್ನ ಮುಖವನ್ನೂ ನೋಡಿ, ಸಿಕ್ಕಿಬಿದ್ದ ಮಗುವಿನಂತೆ ಕತ್ತು ಕೆರೆದುಕೊಂಡರು. ಮೊದಲೆರಡು ವರ್ಷ ನಿಜವಾಗಿಯೇ ಕಲಿಯುತ್ತಿದ್ದರಂತೆ. ಆದರೆ ವಿಭಾಗದಲ್ಲಿ ಇದ್ದದ್ದು ನಾಲ್ಕೇ ಪಟ್ಟಿ. ಮೂರನೇ ವರ್ಷಕ್ಕೆ ನಾಲ್ಕೂ ಬಾಯಿಗೆ ಬಂದುಬಿಟ್ಟವು. ಒಬ್ಬ ಹುಡುಗಿಯ ಪರೀಕ್ಷೆಯಲ್ಲಿ ಮೊದಲ ಸುತ್ತಿಗೇ ಹನ್ನೆರಡನ್ನೂ ಗಡಗಡ ಒಪ್ಪಿಸಿಬಿಟ್ಟರು, ಇದು ಮೋಸ ಎಂದು ಪರೀಕ್ಷಕರು ಆಕೆಯನ್ನು ಫೇಲ್ ಮಾಡಿದರು. ಆಕೆ ಅತ್ತದ್ದನ್ನು ನೋಡಿ ಇವರಿಗೆ ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಒಳ್ಳೆಯ ಅಂಕ ಬಂದ ರೆಕಾರ್ಡುಗಳನ್ನು ಒಂದೊಂದಾಗಿ ನೋಡಿ, ಹೊಸಬರು ಎಲ್ಲಿ ತಪ್ಪುತ್ತಾರೆ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತಾರೆ ಎಂದು ತಿಳಿದುಕೊಂಡರು. ಮೊದಲಿನದ್ದು, ಕೊನೆಯದ್ದು ನೆನಪಿರಬೇಕು, ಮಧ್ಯದ್ದು ಜಾರಬೇಕು.

"ನೆನಪಿಟ್ಕೊಳ್ಳೋದು ಸುಲಭ ಮೇಡಂ. ಮರೆಯೋದನ್ನ ಕಲಿಯೋಕೆ ಒಂದು ವರ್ಷ ಬೇಕಾಯ್ತು," ಎಂದರು.

ನಾನು ನಕ್ಕುಬಿಟ್ಟೆ. ಬೈಯಬೇಕಾಗಿತ್ತು, ಮೇಲಿನವರಿಗೆ ಹೇಳಬೇಕಾಗಿತ್ತು. ನನ್ನ ರ‍್ಯಾಂಕೂ ಆ ರದ್ದಿಯ ರಾಶಿಯಲ್ಲೇ ಇತ್ತಲ್ಲ, ಬಾಯಿಗೆ ಬೀಗ ಹಾಕಿಕೊಂಡೆ. ಜರ್ಮನಿಯಲ್ಲಿ ತೆರೆದ ಮನಶ್ಶಾಸ್ತ್ರದ ಮೊತ್ತಮೊದಲ ಪ್ರಯೋಗಾಲಯದಲ್ಲಿ ಸ್ಟೂಲಿನ ಮೇಲೆ ಕೂರುವುದೇ ದೊಡ್ಡ ಕೆಲಸ ಎನಿಸಿಕೊಂಡಿತ್ತು, ಎಷ್ಟೋ ಸಲ ಪ್ರೊಫೆಸರರೇ ಕೂರುತ್ತಿದ್ದರು, ಪಳಗದವರ ಉತ್ತರಕ್ಕೆ ಬೆಲೆ ಇರಲಿಲ್ಲ. ಆ ಲೆಕ್ಕದಲ್ಲಿ ನಮ್ಮಲ್ಲಿ ಪಂಡಿತರು ನೀವೊಬ್ಬರೇ ಅಣ್ಣ ಎಂದು ತಮಾಷೆ ಮಾಡಿದೆ. ಅವರಿಗೆ ಆ ಮಾತು ಬಹಳ ಹಿಡಿಸಿತು, ಮನೆಗೆ ಹೋಗಿ ಹೆಂಡತಿಗೂ ಹೇಳಿದರು. ಅಂದಿನಿಂದ ಮನೆಯಲ್ಲೂ ಅದೇ ಆಟ. ಸೊಪ್ಪು ತರುವುದು ಮರೆತರೆ, ಸಬ್ಜೆಕ್ಟ್ ಮರೆತಿದ್ದಾನೆ ಬರೆದುಕೋ ಎನ್ನುವುದು. ಅತ್ತಿಗೆ, ಅಂದರೆ ಅವರ ಹೆಂಡತಿ, ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ, ಗುಂಡಿಯ ತೂತು ಹೊಲಿಯುವ ಕಾಜಾ ಯಂತ್ರದ ಮುಂದೆ ದಿನವೆಲ್ಲ ಕೂತು ಬಂದವರು. ಅವರಿಗೆ ಈ ನಗೆ ಅಷ್ಟಾಗಿ ನಗೆ ಎನಿಸುತ್ತಿರಲಿಲ್ಲ.

ನನ್ನ ತಪ್ಪು ಅಲ್ಲಿಗೇ ನಿಂತಿದ್ದರೆ ಈ ಬರಹ ಬೇಕಾಗಿರಲಿಲ್ಲ. ಹತ್ತು ವರ್ಷದ ಮೇಲೆ ನಾನು ಡಾಕ್ಟರೇಟಿಗೆ ಕೂತೆ. ನಮ್ಮ ಭಾಷೆಯ ಹದಿನೈದು ಸಾಮಾನ್ಯ ಪದಗಳ ಪಟ್ಟಿ ಒಂದನ್ನು ಮಾಡಿ, ನಲವತ್ತು ದಾಟಿದ ಅರವತ್ತು ಜನರಿಗೆ ಓದಿ ಹೇಳಿ, ಐದು ಸುತ್ತಿನಲ್ಲಿ ಎಷ್ಟು ಕಲಿಯುತ್ತಾರೆ, ಅರ್ಧ ಗಂಟೆಗೆ ಎಷ್ಟು ಉಳಿಯುತ್ತದೆ ಎಂದು ನೋಡುವುದು. ಬಾಗಿಲು, ಮೋಡ, ಕತ್ತರಿ, ಹೀಗೆ ಶುರುವಾಗುವ ಆ ಪಟ್ಟಿಯ ಪ್ರತಿ ತೆಗೆದವರು, ಹಂಚಿದವರು, ಜನರನ್ನು ಹುಡುಕಿ ತಂದು ಕೂರಿಸಿದವರು ಎಲ್ಲ ಸಬ್ಜೆಕ್ಟಣ್ಣನೇ. ನಲವತ್ತೊಂಬತ್ತು ಜನ ಆದರು. ಗಡುವು ಹತ್ತಿರ ಬಂತು, ಹನ್ನೊಂದು ಜನ ಸಿಗಲಿಲ್ಲ. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಅವರು ಗೆರೆಗೆರೆ ಅಂಗಿ ತೊಟ್ಟು ಬಂದು ಎದುರು ಕೂತು, "ಹನ್ನೊಂದು ದಿನ ಕೊಡಿ ಮೇಡಂ, ಹನ್ನೊಂದು ಜನ ಆಗ್ತೀನಿ," ಎಂದರು. ನಾನು ಬೇಡ ಎನ್ನಲಿಲ್ಲ. ದಿನಕ್ಕೊಬ್ಬರಂತೆ ಹನ್ನೊಂದು ಹೆಸರು ಬರೆದುಕೊಂಡೆ. ಒಬ್ಬರಿಗೆ ಐವತ್ತೆಂಟು ವಯಸ್ಸು ಎಂದಾಗ ಅವರು ಸ್ವಲ್ಪ ನಿಧಾನವಾಗಿ ಕೂಡ ಉತ್ತರಿಸಿದರು. ನನಗೆ ಡಾಕ್ಟರೇಟ್ ಬಂತು. ಊರಿನ ದೊಡ್ಡ ಆಸ್ಪತ್ರೆಯಲ್ಲಿ ಮರೆವಿನ ವಿಭಾಗ ತೆರೆದಾಗ, ನಮ್ಮ ಭಾಷೆಯಲ್ಲಿ ಇದ್ದ ಪಟ್ಟಿ ಅದೊಂದೇ ಆದದ್ದರಿಂದ, ಅವರು ನನ್ನ ಪಟ್ಟಿಯನ್ನೂ, ಇಷ್ಟು ಬಂದರೆ ಸರಿ, ಇಷ್ಟಕ್ಕಿಂತ ಕಡಿಮೆ ಬಂದರೆ ರೋಗ ಎಂದು ಹೇಳುವ ಕೋಷ್ಟಕವನ್ನೂ ತರಿಸಿಕೊಂಡರು. ಆವತ್ತು ವಿಭಾಗದಲ್ಲಿ ಎಲ್ಲರಿಗೂ ಚಹಾ ಕೊಡಿಸಿದೆ, ಅದನ್ನು ಹಂಚಿದವರೂ ಸಬ್ಜೆಕ್ಟಣ್ಣನೇ.

ಪಾಠ ಮಾಡುವಾಗ ಅವರು ಕೆಲವು ಸಲ ಹಿಂದಿನ ಬಾಗಿಲಿಗೆ ಒರಗಿ ಕೇಳುತ್ತಿದ್ದರು. ನನ್ನ ಮೊದಲ ಪಾಠ ಒಂದು ಖಗೋಳ ವೀಕ್ಷಣಾಲಯದ ಕಥೆಯಿಂದ ಶುರುವಾಗುತ್ತದೆ. ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ಹಿರಿಯ ವೀಕ್ಷಕ, ನಕ್ಷತ್ರ ಗೆರೆ ದಾಟುವ ಹೊತ್ತನ್ನು ಸಹಾಯಕ ತನಗಿಂತ ಮುಕ್ಕಾಲು ಸೆಕೆಂಡಿನಷ್ಟು ತಡವಾಗಿ ಬರೆಯುತ್ತಾನೆ ಎಂದು ಅವನನ್ನು ಕೆಲಸದಿಂದ ತೆಗೆದ. ಎಷ್ಟೋ ವರ್ಷದ ಮೇಲೆ ಇನ್ನೊಬ್ಬ ಖಗೋಳಜ್ಞ ಆ ದಾಖಲೆ ನೋಡಿ, ಇದು ಸೋಮಾರಿತನವಲ್ಲ, ಒಬ್ಬೊಬ್ಬರ ಮನಸ್ಸಿನ ವೇಗ ಒಂದೊಂದು ಎಂದು ತೋರಿಸಿದ. ಮನಸ್ಸನ್ನು ಅಳೆಯಬಹುದು ಎಂಬ ಯೋಚನೆಗೆ ಅದೂ ಒಂದು ಬೀಜ. ಪಾಠ ಮುಗಿದ ಮೇಲೆ ಸಬ್ಜೆಕ್ಟಣ್ಣ ಬೋರ್ಡು ಒರೆಸುತ್ತ, ತಪ್ಪು ಅವನದಲ್ಲ ಎಂದು ಆ ಸಹಾಯಕನಿಗೆ ಆಮೇಲೆ ಯಾರಾದರೂ ಹೇಳಿದರೇ ಎಂದು ಕೇಳಿದರು. ಅಷ್ಟು ಹೊತ್ತಿಗೆ ಅವನು ಸತ್ತು ಹೋಗಿದ್ದ ಎಂದೆ. ಅವರು ತುಂಬ ಹೊತ್ತು ಬೋರ್ಡಿನ ಅದೇ ಜಾಗವನ್ನು ಒರೆಸಿದರು.

ಎರಡು ವರ್ಷದ ಹಿಂದೆ, ಅವರಿಗೆ ಐವತ್ತೆಂಟು ಆದಾಗ, ಸಣ್ಣಪುಟ್ಟದ್ದು ಶುರುವಾಯಿತು. ರಜೆಯ ದಿನ ಬಂದು ಗೇಟಿನ ಮುಂದೆ ನಿಂತಿರುತ್ತಿದ್ದರು. ಬೀಗದ ಕೈ ಗೊಂಚಲು ಸ್ಟಾಪ್‌ವಾಚಿನ ಪೆಟ್ಟಿಗೆಯಲ್ಲಿ ಸಿಗುತ್ತಿತ್ತು. ಒಂದು ದಿನ ತರಗತಿಯಲ್ಲಿ ಒಬ್ಬಳು ಒಂಟಿಯಾಗಿ ಉಳಿದಳು, ಇವರು ಕೂತರು. ಡ್ರಮ್ಮು ತಿರುಗಿತು. ಮೊದಲ ಸುತ್ತಿಗೆ ಎರಡು, ಮೂರನೆಯದಕ್ಕೂ ಎರಡು, ಏಳನೆಯದಕ್ಕೂ ಎರಡೇ. ಆ ಹುಡುಗಿ ಪೆನ್ನು ಕಚ್ಚುತ್ತ ಕೂತಳು. ನಾನು ಹಿಂದಿನ ದಿನ ಮನುಷ್ಯ ಮನುಷ್ಯನಿಗೂ ಇರುವ ವ್ಯತ್ಯಾಸದ ಪಾಠ ಮಾಡಿದ್ದೆ, ಇವರು ಅದಕ್ಕೆ ತಕ್ಕ ಹಾಗೆ ಮಂದ ಸಬ್ಜೆಕ್ಟಿನ ವೇಷ ಹಾಕಿದ್ದಾರೆ ಅಂದುಕೊಂಡೆ. ಅವರ ಬೆನ್ನು ತಟ್ಟಿ, ಇವತ್ತು ಬಹಳ ಚೆನ್ನಾಗಿ ಮರೆತಿರಿ ಅಣ್ಣ ಎಂದೆ. ಅವರು ನಕ್ಕರು. ಆ ಹುಡುಗಿ ಹೊರಟ ಮೇಲೂ ಸ್ಟೂಲಿನಿಂದ ಏಳಲಿಲ್ಲ. ಸಂಜೆ ಹೊಸ ಲೆಕ್ಚರರ್ ಮಾತಿಗೆ ಮಾತು ಬಂದು, ಹಳೆಯ ಪಟ್ಟಿಗಳು ಹರಿದು ಹೋಗಿದ್ದರಿಂದ ತಾನು ಈ ವಾರ ಹೊಸತನ್ನು ಮಾಡಿಸಿ ಹಾಕಿದ್ದೇನೆ ಎಂದಳು. ಅವರು ವೇಷ ಹಾಕಿರಲಿಲ್ಲ, ಹೊಸ ಪದಗಳು ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ನಾಳೆ ವಿಚಾರಿಸಿದರಾಯಿತು ಎಂದುಕೊಂಡು ಮೂರು ವಾರ ತಳ್ಳಿದೆ.

ನಾಲ್ಕನೇ ವಾರ ಅತ್ತಿಗೆ ಕಾಲೇಜಿಗೆ ಬಂದರು. ಕಾರ್ಖಾನೆಯಲ್ಲಿ ಅರ್ಧ ದಿನ ರಜೆ ಹಾಕಿ, ತೋಳಿನ ಮೇಲೆ ದಾರದ ತುಣುಕು ಅಂಟಿಸಿಕೊಂಡೇ ಬಂದಿದ್ದರು. ಮನೆಯಲ್ಲಿ ತುಂಬಿದ ಕೊಡಕ್ಕೆ ಮತ್ತೆ ನೀರು ಬಿಡುತ್ತಾರಂತೆ. ಕೇಳಿದ್ದನ್ನೇ ಕೇಳುತ್ತಾರಂತೆ. ರೇಗಿದರೆ ನಗುತ್ತಾರಂತೆ. ಇದನ್ನೆಲ್ಲ ಹೇಳಿ, ಕೊನೆಗೆ ನನ್ನ ಮೇಜಿನ ಮೇಲೆ ಎರಡೂ ಕೈ ಊರಿದರು.

"ಇವರು ಮರೆತ ಹಾಗೆ ಮಾಡೋದು ನಂಗೆ ಗೊತ್ತಿಲ್ದೆ ಇದೆಯಾ ಮೇಡಂ, ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ಈಗ ಮಾಡ್ತಿರೋದು ನಾಟಕಾನೋ, ನಿಜವಾಗ್ಲೂ ಮರೀತಿದಾರೋ, ಅದೊಂದು ಹೇಳಿ ಸಾಕು. ನಿಜ ಅಂದ್ರೆ ಮಗು ಥರ ನೋಡ್ಕೋತೀನಿ. ನಾಟಕ ಅಂದ್ರೆ ಮಾತ್ರ ನನ್ ಕೈಲಿ ಸಹಿಸೋಕಾಗಲ್ಲ."

ನಮ್ಮ ಶಾಸ್ತ್ರ ನೂರು ವರ್ಷ ಇದೇ ವಿಷಯಕ್ಕೆ ಜಗಳವಾಡಿದೆ. ಒಳಗೆ ಏನಾಗುತ್ತಿದೆ ಎಂದು ಕೂತವನನ್ನೇ ಕೇಳಿ ಎಂದವರು ಒಂದು ಕಡೆ, ಒಳಗಿನದ್ದು ಯಾರಿಗೂ ಕಾಣುವುದಿಲ್ಲ, ಹೊರಗೆ ಏನು ಮಾಡುತ್ತಾನೆ ಅದನ್ನಷ್ಟೇ ಎಣಿಸಿ ಎಂದವರು ಇನ್ನೊಂದು ಕಡೆ. ಅತ್ತಿಗೆ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು, ಇಡೀ ಜಗಳವನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಅಲ್ಲಿರುವುದು ನನ್ನ ಶಿಷ್ಯೆಯೇ, ಸತ್ಯ ಗೊತ್ತಾಗುತ್ತದೆ ಎಂದು ಮಾತು ಕೊಟ್ಟೆ. ಅವರಿಗೆ ಇನ್ನೊಂದು ರಜೆ ಸಿಗುವಂತಿರಲಿಲ್ಲ, ನನ್ನನ್ನು ನಂಬಿ ಹೋದರು.

ಆಸ್ಪತ್ರೆಯ ಆ ಕೋಣೆ ಚಿಕ್ಕದು. ಒಂದು ಮೇಜು, ಮೂರು ಕುರ್ಚಿ, ಗೋಡೆಯ ಮೇಲೆ ಸದ್ದು ಮಾಡುವ ಗಡಿಯಾರ. ಶಿಷ್ಯೆ ಎದ್ದು ನಿಂತು ನಮ್ಮಿಬ್ಬರನ್ನೂ ಕೂರಿಸಿ, ಅಣ್ಣ ಹೇಗಿದ್ದೀರಿ ಎಂದು ಅವರ ಕೈ ಹಿಡಿದುಕೊಂಡಳು. ಅವರಿಗೆ ಆಕೆ ಯಾರೆಂದು ತಿಳಿಯಲಿಲ್ಲ, ಆದರೂ ತಿಳಿದವರ ಹಾಗೆ ತಲೆಯಾಡಿಸಿದರು. ತಾರೀಖು ಕೇಳಿದಾಗ ನಾಲ್ಕು ದಿನ ತಪ್ಪಿದರು. ಗಡಿಯಾರ ಬರೆಯಿರಿ ಎಂದಾಗ ಅಂಕಿಗಳು ಒಂದು ಪಕ್ಕಕ್ಕೆ ಒತ್ತಿಕೊಂಡವು. ಆಕೆಯ ಮುಖ ಸಪ್ಪಗಾಯಿತು. ಇನ್ನು ಮುಖ್ಯವಾದದ್ದು ಎಂದು ಫೈಲಿನಿಂದ ಒಂದು ಹಾಳೆ ತೆಗೆದಳು. ಅದು ನನ್ನ ಪಟ್ಟಿಯೇ. ಬಾಗಿಲು, ಮೋಡ, ಕತ್ತರಿ ಎಂದು ಆಕೆ ಓದತೊಡಗಿದ್ದೇ ತಡ, ಸಬ್ಜೆಕ್ಟಣ್ಣ ಬೆನ್ನು ನೆಟ್ಟಗೆ ಮಾಡಿ ಕೂತರು. ಮುಖಕ್ಕೆ ಕಳೆ ಬಂತು. ಮೊದಲ ಸುತ್ತಿಗೆ ಐದು. ಆಮೇಲೆ ಏಳು, ಒಂಬತ್ತು, ಹತ್ತು, ಹನ್ನೊಂದು. ಮಧ್ಯದ ಪದಗಳಿಗೆ ಕಣ್ಣು ಮುಚ್ಚಿ ತಡವರಿಸಿದರು, ಒಂದನ್ನು ಬೇಕೆಂದೇ ತಪ್ಪು ಹೇಳಿ ತಿದ್ದಿಕೊಂಡರು. ಅರ್ಧ ಗಂಟೆಯ ಮೇಲೆ ಒಂಬತ್ತು. ಐವತ್ತೆಂಟು ವರ್ಷದವರಿಗೆ ಎಷ್ಟು ಬರಬೇಕೋ ಅಷ್ಟೇ ಬಂತು. ಬರದೆ ಏನು, ಆ ವಯಸ್ಸಿನ ಸಾಲಿನಲ್ಲಿ ನಾನು ಬರೆದಿದ್ದ ಅಂಕಿಯೂ ಅವರದೇ.

ಶಿಷ್ಯೆ ಕೋಷ್ಟಕದ ಮೇಲೆ ಬೆರಳಿಟ್ಟು ನೋಡಿ ನಿಟ್ಟುಸಿರು ಬಿಟ್ಟಳು, ಸಮಾಧಾನದ ನಿಟ್ಟುಸಿರು. ಆಮೇಲೆ ಪೆನ್ನು ಹಿಡಿದು, ನಿಯಮಕ್ಕೆಂದು ಕೇಳಿದಳು.

"ಈ ಪಟ್ಟಿ ಅಣ್ಣಂಗೆ ಮೊದಲೇ ಗೊತ್ತಿರೋ ಛಾನ್ಸ್ ಇಲ್ಲ ಅಲ್ವಾ ಮೇಡಂ?"

ಗೊತ್ತಿದೆ ಎಂದರೆ ಹೇಗೆ ಎಂದು ಕೇಳುತ್ತಾಳೆ. ಹೇಗೆ ಎಂದು ಹೇಳಿದರೆ ಹನ್ನೊಂದು ಹೆಸರು ಹೊರಗೆ ಬರುತ್ತವೆ, ನನ್ನ ಡಾಕ್ಟರೇಟ್ ಹೋಗುತ್ತದೆ, ಹತ್ತು ವರ್ಷದಿಂದ ಈ ಕೋಣೆಯಲ್ಲಿ ಆ ಕೋಷ್ಟಕ ನೋಡಿ ಬರೆದುಕೊಟ್ಟ ಕಾಗದಗಳೆಲ್ಲ ಪ್ರಶ್ನೆಯಾಗುತ್ತವೆ. ಇಷ್ಟೆಲ್ಲ ಯೋಚಿಸಲು ನನಗೆ ಎರಡು ಸೆಕೆಂಡೂ ಬೇಕಾಗಲಿಲ್ಲ.

"ಇಲ್ಲ," ಎಂದೆ.

ವಯಸ್ಸಿನ ಮರೆವು, ಗಾಬರಿಪಡುವಂಥದ್ದಿಲ್ಲ, ಒಂದು ವರ್ಷ ಬಿಟ್ಟು ಬನ್ನಿ ಎಂದು ಆಕೆ ಬರೆದುಕೊಟ್ಟಳು.

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತಿದ್ದರು. ಎರಡು ಸ್ಟಾಪ್ ದಾಟಿದ ಮೇಲೆ ನನ್ನ ಕಡೆ ವಾಲಿ, ಕಾರಿಡಾರಿನಲ್ಲಿ ಪರೀಕ್ಷಕರಿಗೆ ಕೇಳಿಸದಂತೆ ಮಾತಾಡುತ್ತಿದ್ದರಲ್ಲ, ಅದೇ ಪಿಸುದನಿಯಲ್ಲಿ ಕೇಳಿದರು.

"ಸರಿಯಾಗಿ ಬಂತಾ ಮೇಡಂ? ಆ ಹುಡುಗಿ ಪಾಸಾಗ್ತಾಳಾ?"

ಅವರಿಗೆ ಅದು ಆಸ್ಪತ್ರೆ ಎಂದೇ ತಿಳಿದಿರಲಿಲ್ಲ. ಯಾವುದೋ ಹುಡುಗಿಯ ಪರೀಕ್ಷೆ, ಆಕೆಯ ಸಬ್ಜೆಕ್ಟ್ ಬಂದಿಲ್ಲ, ತಾವು ಕೂತುಕೊಟ್ಟೆವು, ಅಷ್ಟೇ. ಆಗಲೂ ಇಳಿದು ವಾಪಸ್ಸು ಹೋಗಬಹುದಿತ್ತು, ಬಸ್ಸು ಸಿಗ್ನಲಿನಲ್ಲಿ ನಿಂತೇ ಇತ್ತು. ಪಾಸಾಗ್ತಾಳೆ ಅಣ್ಣ ಎಂದೆ.

ಸಂಜೆ ಅತ್ತಿಗೆಗೆ ಫೋನು ಮಾಡಿ ಏನೂ ಇಲ್ಲವಂತೆ ಎಂದು ತಿಳಿಸಿದೆ. ಹಾಗಾದರೆ ನಾಟಕವೇ ಎಂದರು. ಹಾಗಂತಲ್ಲ ಎಂದು ನಾನೇನೋ ತೊದಲುತ್ತಿದ್ದೆ, ಅಷ್ಟರಲ್ಲಿ ಫೋನು ಇಟ್ಟಾಗಿತ್ತು. ಇನ್ನೊಮ್ಮೆ ಮಾಡಲಿಲ್ಲ. ಮಾಡಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ ಎಂದು ಬರೆದರೆ ಅದು ಸುಳ್ಳಲ್ಲ, ಆದರೆ ಅದರಿಂದ ಯಾರಿಗೆ ಏನಾಯಿತು?

ಆ ವರ್ಷ ಹೇಗೆ ಕಳೆಯಿತೆಂದು ನನಗೆ ಕಾಲೇಜಿನಲ್ಲಿ ಕಂಡಷ್ಟೇ ಗೊತ್ತು. ಉಪಕರಣಗಳ ಜವಾಬ್ದಾರಿ ಅವರಿಂದ ತೆಗೆದರು. ಲೈಬ್ರರಿಯಲ್ಲಿ ಕೂರಿಸಿದರು. ಅಲ್ಲಿ ಪುಸ್ತಕಗಳನ್ನು ಜೋಡಿಸಿ ಮತ್ತೆ ಕೆಳಗಿಳಿಸಿ ಮತ್ತೆ ಜೋಡಿಸುತ್ತಿದ್ದರು. ಅಂಗಿ ಕೊಳೆಯಾಗಿರುತ್ತಿತ್ತು. ನನ್ನನ್ನು ಕಂಡರೆ ಬೈಸಿಕೊಳ್ಳಲು ಹೆದರಿದವರಂತೆ ಪಕ್ಕಕ್ಕೆ ಸರಿಯುತ್ತಿದ್ದರು. ಯಾಕೆಂದು ಆಗ ತಿಳಿಯಲಿಲ್ಲ. ಹನ್ನೊಂದನೇ ತಿಂಗಳಲ್ಲಿ ಮನೆಗೆಂದು ಹೊರಟವರು ಸಿಗಲಿಲ್ಲ. ಮರುದಿನ ಬೆಳಿಗ್ಗೆ ಬಸ್ ಡಿಪೋದ ಹಿಂದೆ, ಕೆಟ್ಟು ನಿಂತ ಬಸ್ಸೊಂದರ ಸೀಟಿನಲ್ಲಿ ಕೂತಿದ್ದರಂತೆ. ಅಲ್ಲಿನ ಮೆಕ್ಯಾನಿಕ್, ನೀವು ಯಾರು ಎಂದು ಕೇಳಿದರೆ, ದರ್ಜಿ, ವಯಸ್ಸು ಮೂವತ್ತು ಎಂದಿದ್ದಾರೆ. ಬೇರೊಂದು ಆಸ್ಪತ್ರೆಗೆ ಅತ್ತಿಗೆಯೇ ಕರೆದೊಯ್ದರು. ಅಲ್ಲಿ ತಲೆಯ ಸ್ಕ್ಯಾನ್ ತೆಗೆದರು, ಈಚೆಗೆ ಬಂದ ಬೇರೆಯದೇ ಪಟ್ಟಿ ಓದಿದರು. ಹದಿನೈದರಲ್ಲಿ ಒಂದು ಬಂತು. ರೋಗ ಮೂರು ವರ್ಷದಿಂದಲಾದರೂ ಇರಬೇಕು, ಮೊದಲೇ ಬಂದಿದ್ದರೆ ವಾಸಿಯಾಗದಿದ್ದರೂ ಮನೆಯವರು ಸಿದ್ಧರಾಗಬಹುದಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ.

ಅದು ಕಿವಿಗೆ ಬಿದ್ದು ಎಂಟು ದಿನ ಆದಮೇಲೆ ನಾನು ಅವರ ಮನೆಗೆ ಹೋದೆ. ಮೊದಲ ಮಹಡಿಯ ಒಂದೂವರೆ ಕೋಣೆ. ಅತ್ತಿಗೆ ಕಾರ್ಖಾನೆ ಬಿಟ್ಟು ಹೊಲಿಗೆ ಯಂತ್ರವನ್ನು ಬಾಗಿಲಿಗೆ ಅಡ್ಡವಾಗಿ ಇಟ್ಟುಕೊಂಡಿದ್ದರು, ಸಬ್ಜೆಕ್ಟಣ್ಣ ಹೊರಗೆ ಹೋಗದಿರಲೆಂದು. ಒಳಗಿನ ಕೋಣೆಯಲ್ಲಿ ಅವರು ಮಲಗಿದ್ದರು. ನಾನು ಚಾಪೆಯ ಮೇಲೆ ಕೂತು, ನೀರು ಕೂಡ ಕುಡಿಯದೆ, ಎಲ್ಲವನ್ನೂ ಹೇಳಿದೆ. ಆ ಪಟ್ಟಿ ಅವರಿಗೆ ಬಾಯಿಪಾಠವಾಗಿತ್ತು ಎಂದೆ. ಹನ್ನೊಂದು ಹೆಸರಿನ ವಿಷಯ ಹೇಳಿದೆ. ಶಿಷ್ಯೆ ಕೇಳಿದಾಗ ಸುಳ್ಳು ಹೇಳಿದೆ ಎಂದೆ. ಆಸ್ಪತ್ರೆಗೂ ಕಾಲೇಜಿಗೂ ಕಾಗದ ಬರೆದಿದ್ದೇನೆ, ನನ್ನ ಕೆಲಸ ಹೋದರೂ ಹೋಗಲಿ ಎಂದೂ ಸೇರಿಸಿದೆ. ಆ ಕೊನೆಯ ಮಾತು ಹೇಳುವಾಗ ನನಗೇ ನಾಚಿಕೆಯಾಯಿತು, ಆಕೆಗೆ ಅದರಿಂದ ಏನಾಗಬೇಕಿತ್ತು?

ಅತ್ತಿಗೆ ಬೈಯಲಿಲ್ಲ. ಯಂತ್ರದ ಸೂಜಿಯ ಕೆಳಗಿದ್ದ ಬಟ್ಟೆಯನ್ನು ಎಳೆದು ತೆಗೆದು, ಮಡಿಸಿ, ಮತ್ತೆ ಬಿಚ್ಚಿದರು.

"ಒಂದು ವರ್ಷ ಬೈದಿದೀನಿ ಮೇಡಂ. ಡಾಕ್ಟ್ರು ಏನೂ ಇಲ್ಲ ಅಂದಿದಾರೆ, ನಾಟಕ ಬಿಡಿ ಅಂತ ಬೈದಿದೀನಿ. 'ನಾಟಕ ಅಲ್ಲ ಕಣೇ' ಅಂತ ಅಳೋರು. ಒಂದಿನ ತಡ್ಕೊಳ್ಳೋಕಾಗ್ದೆ, ನಿಜ ಹೇಳೋವರೆಗೂ ಒಳಗೆ ಬರ್ಬೇಡಿ ಅಂತ ಬಾಗಿಲು ಹಾಕ್ಬಿಟ್ಟೆ. ಎಷ್ಟೋ ಹೊತ್ತು ನಿಂತಿದ್ರು. ಆಮೇಲೆ, 'ಹೌದು, ನಾಟಕ ಮಾಡ್ತಿದ್ದೆ, ತಪ್ಪಾಯ್ತು' ಅಂದ್ರು. ನಾನು ಬಾಗಿಲು ತೆಗ್ದೆ."

ಎದುರು ಕೂತವರಿಗೆ ಯಾವ ಉತ್ತರ ಬೇಕು ಎಂದು ಕಂಡುಹಿಡಿದು ಅದನ್ನೇ ಕೊಡುವುದು ಅವರ ಕಸುಬು. ಆ ಕಸುಬಿಗೆ ಇಪ್ಪತ್ತೈದು ವರ್ಷ ಬೆನ್ನು ತಟ್ಟಿದವಳು ನಾನು. ನನಗೆ ಅಳು ಬಂತು. ನಮ್ಮ ದನಿ ಏರಿತೇನೋ, ಒಳಗಿನಿಂದ ಮಂಚ ಕಿರುಗುಟ್ಟಿತು, ಸಬ್ಜೆಕ್ಟಣ್ಣ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತರು. ಗಡ್ಡ ಬೆಳೆದಿತ್ತು. ಅಂಗಿಯ ಗುಂಡಿ ಒಂದಕ್ಕೊಂದು ತಪ್ಪಿತ್ತು. ನನ್ನ ಗುರುತು ಸಿಗಲಿಲ್ಲ. ಇಬ್ಬರು ಹೆಂಗಸರ ಒದ್ದೆ ಮುಖಗಳನ್ನು ಸರದಿಯಾಗಿ ನೋಡಿ, ಏನೋ ತಪ್ಪಾಗಿದೆ, ಅದು ತಮ್ಮಿಂದಲೇ ಆಗಿದೆ ಎಂದು ತಿಳಿದುಕೊಂಡರು.

"ನಾಟಕ ಮಾಡ್ತಿದ್ದೆ," ಎಂದರು. "ತಪ್ಪಾಯ್ತು. ಇನ್ಮೇಲೆ ಮಾಡಲ್ಲ."

ಅತ್ತಿಗೆ ಎದ್ದು ಹೋಗಿ ಅವರ ಅಂಗಿಯ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕತೊಡಗಿದರು. ನೀವು ನಾಟಕ ಮಾಡಿಲ್ಲ ರೀ, ನಿಮ್ಮ ತಪ್ಪಲ್ಲ, ನಿಮಗೆ ನಿಜವಾಗಿ ಮರೆತುಹೋಗ್ತಿತ್ತು ಎಂದು ಒಂದೊಂದು ಗುಂಡಿಗೂ ಒಂದೊಂದು ಸಲ ಹೇಳಿದರು. ಅವರು ಎಲ್ಲಕ್ಕೂ ಹೂಂಗುಟ್ಟಿದರು. ಗುಂಡಿ ಮುಗಿದ ಮೇಲೆ ಆಕೆಯ ಮುಖ ನೋಡಿ, ಒಳಗೆ ಬರಲಾ ಎಂದು ಕೇಳಿದರು.